ಮುಯ್ಯಿಗೆ ಬಂದ ಅಜ್ಜಿ

ಆ ದಿನ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ, ಜನಗಣತಿಗೆ ಬಂದ ಗಣೇಶಮೂರ್ತಿ ಮೇಷ್ಟ್ರು ಬೆಳ್ಳಪ್ಪನ ಅಂಗಳದಲ್ಲಿ ನಿಂತಿದ್ದ ಎಮ್ಮೆಗೆ ನಮಸ್ಕಾರ ಹೇಳಿ, ಹೆಸರೇನು, ವಯಸ್ಸೆಷ್ಟು ಎಂದು ಎರಡು ಸಲ ಕೇಳಿದರು. ಎಮ್ಮೆ ಉತ್ತರ ಕೊಡಲಿಲ್ಲ. ಮೂರನೆಯ ಸಲ ಸ್ವಲ್ಪ ಗಡುಸಾಗಿ, "ಸರ್ಕಾರದ ಕೆಲಸ ಮಾರಾಯ, ಹೀಗೆ ಸುಮ್ಮನೆ ನಿಂತರೆ ಆಗ್ತದಾ?" ಎಂದಾಗ ಅದು ಅವರ ಪುಸ್ತಕದ ಮೂಲೆಯನ್ನು ಒಮ್ಮೆ ನೆಕ್ಕಿತು. ಆಗ ಮಂಜಿನೊಳಗಿಂದ ಒಂದು ದನಿ ಬಂತು.

"ಅದು ಎಮ್ಮೆ ಮೇಷ್ಟ್ರೆ. ಬೆಳ್ಳಪ್ಪ ನಾನು. ಇಲ್ಲಿದೀನಿ."

ಶಿವರಾತ್ರಿ ಕಳೆದು ನಾಲ್ಕೈದು ದಿನವಾಗಿತ್ತು. ಇಸವಿ ಅರವತ್ತೊಂದು. ನಿಟ್ಟೂರಿನಿಂದ ಎರಡು ಮೈಲಿ ಒಳಗೆ, ಹತ್ತು ಹನ್ನೆರಡು ಮನೆಗಳ ಆ ಊರಿನಲ್ಲಿ ಬೆಳ್ಳಪ್ಪನದು ಕಡೆಯ ಮನೆ. ಗೇಣಿ ಗದ್ದೆ ಮಾಡಿಕೊಂಡು ಬದುಕುವವನು. ಅವನ ಅಣ್ಣಂದಿರು, ಅಣೆಕಟ್ಟು ಕಟ್ಟಿದ ಮೇಲೆ ಶರಾವತಿಯ ನೀರು ಏರಿ ಬರುತ್ತದೆಂದು ಗಾಡಿ ಕಟ್ಟಿಕೊಂಡು ಶಿವಮೊಗ್ಗದ ಕಡೆಗೆ ಹೋಗಿಬಿಟ್ಟಿದ್ದರು. ತಾಯಿ ತೀರಿಕೊಂಡು ಆರು ವರ್ಷ. ಹೆಂಡತಿ ಹೂವಮ್ಮನಿಗೂ ತಾಯಿ ಇರಲಿಲ್ಲ.

ಮೇಷ್ಟ್ರು ಜಗಲಿಯ ಮೇಲೆ ಕೂತು, ಪುಸ್ತಕದ ಮೇಲಿನ ಎಮ್ಮೆಯ ಜೊಲ್ಲನ್ನು ಪಂಚೆಯ ತುದಿಯಿಂದ ಒರೆಸಿದರು.

"ಮನೇಲಿ ಎಷ್ಟು ಜನ?"

"ಎರಡು."

"ಎಮ್ಮೆ ಬಿಟ್ಟು?"

"ಎಮ್ಮೆ ಬಿಟ್ಟೇ ಎರಡು."

"ಮಕ್ಕಳು?"

ಬಾಗಿಲ ಸಂದಿಯಲ್ಲಿ ನಿಂತಿದ್ದ ಹೂವಮ್ಮ ಒಳಗೆ ಹೋದಳು. ಅವಳಿಗೆ ಎಂಟು ತಿಂಗಳು ತುಂಬಿತ್ತು. ಬೆಳ್ಳಪ್ಪ ತನ್ನ ಕಾಲಿನ ಹೆಬ್ಬೆರಳು ನೋಡುತ್ತ ಹೇಳಿದ: "ಎರಡು ಇದ್ವು. ಒಂದು ಒಂಬತ್ತು ತಿಂಗಳಿಗೆ ಹೋಯ್ತು. ಇನ್ನೊಂದು ಹನ್ನೊಂದಕ್ಕೆ. ಎರಡೂ ಹೊಟ್ಟೆ ಕೆಟ್ಟೇ ಹೋಗಿದ್ದು."

ಮೇಷ್ಟ್ರು ಪೆನ್ನಿಗೆ ಮುಚ್ಚಳ ಹಾಕಿದರು. ಆಮೇಲೆ, ಸಮಾಧಾನಕ್ಕೆ ಏನಾದರೂ ಹೇಳಬೇಕಲ್ಲ ಎಂದು ಹೇಳಿದರು: "ಇಷ್ಟು ಮನೆ ಬರೆದೆ ನೋಡು ಬೆಳ್ಳಪ್ಪ. ಒಂದು ವಿಚಿತ್ರ. ಆಚೆ ಕೆರಿಯಪ್ಪನ ಮನೇಲಿ ಮೂವರು ಮುದುಕೀರು. ಆರು ಮಕ್ಕಳು ಹುಟ್ಟಿದವು, ಆರೂ ಇವೆ. ಗುಡ್ಡದ ಮೇಲಿನ ಗಿರಿಯಪ್ಪನ ಮನೇಲಿ ಇಬ್ಬರು ಮುದುಕೀರು, ನಾಲ್ಕಕ್ಕೆ ನಾಲ್ಕೂ ಇವೆ. ಮುದುಕಿ ಇಲ್ಲದ ಮನೇಲಿ ಮಾತ್ರ..."

ಹೇಳಿದ್ದೇ ಹೆಚ್ಚಾಯಿತು. ಬೆಳ್ಳಪ್ಪ ತಲೆಯೆತ್ತಿದ್ದ.

"ಹಂಗಾರೆ ಒಂದು ಮುದುಕಿ ಬೇಕು ಅಂತೀರಾ?"

"ನಾನು ಹಾಗೆ ಹೇಳಲಿಲ್ಲ ಮಾರಾಯ. ಲೆಕ್ಕದಲ್ಲಿ ಹಾಗೆ ಕಾಣ್ತದೆ ಅಂದೆ."

"ಒಂದು ಸಾಕೋ, ಎರಡು ಬೇಕೋ?"

ಮೇಷ್ಟ್ರಿಗೆ ಭಯವಾಯಿತು. ಎದ್ದು ಮಂಜಿನೊಳಗೆ ಹೋದರು. ಅಂಗಳ ದಾಟುವಾಗ ಎಮ್ಮೆಗೆ ಇನ್ನೊಮ್ಮೆ ಕೈಮುಗಿದರು.

ನಮ್ಮ ಕಡೆಯ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ನಟ್ಟಿಗೋ ಕೊಯ್ಲಿಗೋ ಆಳು ಸಾಲದಿದ್ದರೆ ಮುಯ್ಯಾಳು ಕರೆಯುತ್ತೇವೆ. ಇವತ್ತು ನಿನ್ನ ಮನೆಯವರು ನನ್ನ ಗದ್ದೆಗೆ ಬಂದರೆ ನಾಳೆ ನನ್ನ ಮನೆಯವರು ನಿನ್ನ ಗದ್ದೆಗೆ. ಗಂಡಾಳಿಗೆ ಗಂಡಾಳು, ಹೆಣ್ಣಾಳಿಗೆ ಹೆಣ್ಣಾಳು, ಎತ್ತಿನ ಜೋಡಿಗೆ ಎತ್ತಿನ ಜೋಡಿ. ದುಡ್ಡಿನ ಮಾತಿಲ್ಲ, ಕಾಗದವಿಲ್ಲ. ಮುಯ್ಯಿ ತೀರಿಸದೆ ಸತ್ತವನನ್ನು ದೇವರು ಮತ್ತೆ ಕೆಸರಿಗೇ ಕಳಿಸುತ್ತಾನೆಂದು ನಮ್ಮ ಹಿರಿಯರ ನಂಬಿಕೆ. ಬೆಳ್ಳಪ್ಪನಿಗೆ ಜೀವನದಲ್ಲಿ ಚೆನ್ನಾಗಿ ಗೊತ್ತಿದ್ದ ವ್ಯವಹಾರ ಇದೊಂದೇ. ಹಾಗಾಗಿ ಬಿಸಿಲು ಬರುವುದರೊಳಗೆ ಅವನು ಎರಡು ಗದ್ದೆ ದಾಟಿ ಕೆರಿಯಪ್ಪನ ಅಂಗಳದಲ್ಲಿ ನಿಂತಿದ್ದ.

"ಕೆರಿಯಪ್ಪಣ್ಣಾ, ಒಂದು ಮುದುಕಿ ಮುಯ್ಯಿಗೆ ಬೇಕಿತ್ತು."

ಕೆರಿಯಪ್ಪ ನೇಗಿಲಿಗೆ ಮೇಣಿ ಕೂರಿಸುತ್ತಿದ್ದವನು ಕೈ ನಿಲ್ಲಿಸಿದ. ಒಳಗೆ ಅವನ ತಾಯಿ ಶೇಷಮ್ಮ, ಹೆಂಡತಿಯ ತಾಯಿ ವರದಮ್ಮ, ಗಂಡ ಸತ್ತ ಮೇಲೆ ತವರಿಗೆ ಬಂದು ಕೂತ ಸೋದರತ್ತೆ ದುಗ್ಗಮ್ಮ, ಮೂವರೂ ಹಪ್ಪಳದ ಹಿಟ್ಟಿಗೆ ಉಪ್ಪು ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಬೆಳಗಿನಿಂದ ಜಗಳವಾಡುತ್ತಿದ್ದರು. ಆ ಮನೆಯಲ್ಲಿ ಇದು ಮೂವತ್ತು ವರ್ಷದಿಂದ ನಡೆದ ಜಗಳ. ಉಪ್ಪಿನ ಬದಲು ಒಮ್ಮೊಮ್ಮೆ ಹುಳಿ ಬರುತ್ತಿತ್ತು, ಅಷ್ಟೆ.

ಬೆಳ್ಳಪ್ಪ ಮೇಷ್ಟ್ರು ಹೇಳಿದ್ದನ್ನೆಲ್ಲ ಹೇಳಿದ. ಕೊನೆಗೆ, "ಇದೂ ಹೋದ್ರೆ ಅವಳು ಉಳಿಯಲ್ಲಣ್ಣಾ" ಎಂದ.

ಕೆರಿಯಪ್ಪ ಬಹಳ ಹೊತ್ತು ಯೋಚಿಸಿದಂತೆ ಮಾಡಿದ. ಒಳಗೊಳಗೆ ಅವನ ಹೃದಯ ಕುಣಿಯುತ್ತಿತ್ತು. "ಕೊಡ್ಬಹುದು. ಯಾರನ್ನು ಕೊಡೋದು ಅನ್ನೋದೇ ಯೋಚನೆ. ಅಬ್ಬೆನ ಕೊಟ್ರೆ ಊರು ಉಗಿತದೆ. ವರದತ್ತೆನ ಕೊಟ್ರೆ ನನ್ನ ಹೆಂಡ್ತಿ ನಂಗೆ ಅನ್ನ ಹಾಕಲ್ಲ. ಇನ್ನು ಉಳಿದಿದ್ದು ದುಗ್ಗತ್ತೆ."

"ಯಾರೋ ಅದು ಉಳಿದಿದ್ದು?" ಎಂದು ಒಳಗಿನಿಂದ ಒಂದು ಗಂಟಲು ಕೇಳಿತು. ಆ ಗಂಟಲಿನ ಖ್ಯಾತಿ ದೊಡ್ಡದು. ದುಗ್ಗಮ್ಮ ಹಿತ್ತಿಲಲ್ಲಿ ಕೋಳಿ ಓಡಿಸಿದರೆ ಗುಡ್ಡದಾಚೆಯ ಕೋಳಿಗಳೂ ಗೂಡು ಸೇರುತ್ತಿದ್ದವು.

ಅವಳು ಕೋಲು ಊರಿಕೊಂಡು ಹೊರಗೆ ಬಂದಳು. ಎತ್ತು ತಂದು ಅಭ್ಯಾಸವಾಗಿದ್ದ ಬೆಳ್ಳಪ್ಪನಿಗೆ ಬಾಯಿ ತಡೆಯಲಿಲ್ಲ. "ಹಲ್ಲು ಎಷ್ಟಿದಾವೆ ಅಣ್ಣಾ?" ಎಂದು ಕೆರಿಯಪ್ಪನನ್ನು ಕೇಳಿಬಿಟ್ಟ.

"ಎರಡಿದಾವೆ ಕಣೋ!" ಎಂದಳು ದುಗ್ಗಮ್ಮ. "ನಿನ್ನ ಕಚ್ಚೋಕೆ ಎರಡೂ ಬೇಡ, ಒಂದೇ ಸಾಕು. ಸುಳಿ ನೋಡ್ತೀಯಾ? ಗೊರಸು ನೋಡ್ತೀಯಾ?"

ಮಾತುಕತೆ ಮುಗಿಯಿತು. ಹುಟ್ಟುವ ಮಗು ತಾನೇ ನಡೆದು ಹೊಸಿಲು ದಾಟುವವರೆಗೆ ದುಗ್ಗಮ್ಮ ಬೆಳ್ಳಪ್ಪನ ಮನೆಯಲ್ಲಿ. ಮುಂದೆ ಕೆರಿಯಪ್ಪನ ಮನೆಯಲ್ಲಿ ಕೂಸು ಹುಟ್ಟಿ, ಅವನು ಮುಯ್ಯಿ ಕರೆದಾಗ, ಮುದುಕಿಗೆ ಮುದುಕಿ. ಬೆಳ್ಳಪ್ಪ ತುಳಸಿಕಟ್ಟೆ ಮುಟ್ಟಿ ಒಪ್ಪಿದ. ತನ್ನ ಹತ್ತಿರ ವಾಪಸು ಕೊಡಲು ಮುದುಕಿಯೇ ಇಲ್ಲ ಎನ್ನುವುದು ಅವನಿಗೆ ಹೊಳೆದದ್ದು ವಾಪಸು ಬರುವಾಗ ಗದ್ದೆಯ ಅಂಚಿನ ಮೇಲೆ. ಆಗ ಅವನ ಹಿಂದೆ ದುಗ್ಗಮ್ಮ, ಅವಳ ಕಂಕುಳಲ್ಲಿ ಎಲೆಯಡಿಕೆ ಸಂಚಿ, ಇನ್ನೊಂದು ಕಂಕುಳಲ್ಲಿ ಅವಳ ಮಂಚದ ಕೆಳಗೆ ಮಾತ್ರ ಮೊಟ್ಟೆ ಇಡುವ ಒಂದು ಕೋಳಿ ಬರುತ್ತಿದ್ದವು. ತಿರುಗಿ ಹೋಗುವ ಹಾಗಿರಲಿಲ್ಲ.

ಹೂವಮ್ಮ ಗಂಡನನ್ನು ನೋಡಿದಳು, ಕೋಳಿಯನ್ನು ನೋಡಿದಳು, ಆಮೇಲೆ ಮುದುಕಿಯನ್ನು ನೋಡಿದಳು.

"ಇದೆಂತದು?"

"ಮುಯ್ಯಾಳು" ಎಂದ ಬೆಳ್ಳಪ್ಪ.

"ನಿಂತ್ಕೊಂಡು ಏನು ನೋಡ್ತೀಯೇ? ಕೂತ್ಕೋ" ಎಂದಳು ದುಗ್ಗಮ್ಮ. ಹೂವಮ್ಮ ಕೂತಳು. ಈ ಮನೆಗೆ ಬಂದ ಆರು ವರ್ಷದಲ್ಲಿ ಯಾರೂ ಅವಳಿಗೆ ಕೂತುಕೋ ಎಂದಿರಲಿಲ್ಲ. ಅವಳಿಗೆ ಅಳು ಬಂತು. "ಅಳೋದಾದ್ರೆ ಎಲೆ ಮಡಚ್ತಾ ಅಳು" ಎಂದು ದುಗ್ಗಮ್ಮ ಸಂಚಿ ಮುಂದಿಟ್ಟಳು.

ಯುಗಾದಿ ಕಳೆದು ಎರಡು ವಾರಕ್ಕೆ ಹೆಣ್ಣು ಮಗು ಹುಟ್ಟಿತು. ಮೂಕಾಂಬಿಕೆಯ ಹೆಸರು ಹಿಡಿದು ಮೂಕಮ್ಮ ಎಂದಿಟ್ಟರು. ದೃಷ್ಟಿಯಾಗಬಾರದೆಂದು ದುಗ್ಗಮ್ಮ ಅದನ್ನು ಕಪ್ಪೆ ಎಂದೇ ಕರೆದಳು. ದಿನಾ ಬೆಳಿಗ್ಗೆ ಬಚ್ಚಲಲ್ಲಿ ಕಾಲು ಚಾಚಿ ಕೂತು, ಕಾಲ ಮೇಲೆ ಮಗುವನ್ನು ಬೋರಲು ಮಲಗಿಸಿಕೊಂಡು, ಹಂಡೆಯ ಬಿಸಿನೀರು ಹೊಯ್ಯುತ್ತ ಬೈಯುವಳು: "ಕಪ್ಪೇ, ಕರೀ ಕಪ್ಪೇ, ಯಾವ ಬಾವಿಯಿಂದ ಬಂದ್ಯೇ? ನಿನ್ನ ಮೂಗು ಇದೇನೇ, ಗೇರುಬೀಜಾನೇ?" ಕಪ್ಪೆ ಗಂಟಲು ಹರಿಯುವಂತೆ ಅರಚುವುದು. "ಅರಚು, ಅರಚು. ಹೆಣ್ಣಿಗೆ ಗಂಟಲಿದ್ರೆ ಅರ್ಧ ಆಸ್ತಿ."

ಹೂವಮ್ಮ ಪಕ್ಕದಲ್ಲಿ ಚೊಂಬು ಹಿಡಿದು ನಿಂತು ನೋಡುತ್ತಿದ್ದಳು. ಹಿಂದಿನ ಎರಡು ಕೂಸುಗಳನ್ನು ಅವಳು ಒಂದು ಕೈಯಲ್ಲಿ ಹಿಡಿದು, ಒಂದು ಕೈಯಲ್ಲಿ ನೀರು ಹಾಕಿ, ಗದ್ದೆಗೆ ಹೊತ್ತಾಯಿತೆಂದು ಜೋಲಿಯಲ್ಲಿ ಮಲಗಿಸಿ ಓಡುತ್ತಿದ್ದಳು. ಬರುವಷ್ಟರಲ್ಲಿ ಜೋಲಿಯಲ್ಲಿ ಏನೇನಾಗಿರುತ್ತಿತ್ತೋ ಜೋಲಿಗೇ ಗೊತ್ತು. ಈಗ ಗದ್ದೆಯಿಂದ ಬಂದರೆ ಜೋಲಿ ಖಾಲಿ. ಮಗು ಯಾವಾಗಲೂ ದುಗ್ಗಮ್ಮನ ಸೊಂಟದ ಮೇಲೆ, ಕೋಳಿಯ ಜೊತೆ ಪಂಚಾಯಿತಿಯಲ್ಲಿ.

ಇತ್ತ ಕೆರಿಯಪ್ಪನ ಮನೆಯಲ್ಲಿ ಅವನು ಎಣಿಸಿದ ಶಾಂತಿ ಸಿಗಲಿಲ್ಲ. ಶೇಷಮ್ಮನಿಗೂ ವರದಮ್ಮನಿಗೂ ಜಗಳವೇ ಹತ್ತುತ್ತಿರಲಿಲ್ಲ. ಮೂರು ಕಲ್ಲಿನ ಒಲೆಯಲ್ಲಿ ಒಂದು ಕಲ್ಲು ಕಿತ್ತ ಹಾಗಾಗಿತ್ತು. ಒಬ್ಬಳು ಉಪ್ಪು ಹೆಚ್ಚೆಂದರೆ ಇನ್ನೊಬ್ಬಳು ಹೌದೆಂದು ಬಿಡುತ್ತಿದ್ದಳು. ಆಮೇಲೆ ಇಬ್ಬರೂ ಮುಖ ಮುಖ ನೋಡಿಕೊಳ್ಳುತ್ತಿದ್ದರು. ಹೀಗಾಗಿ ಎರಡು ದಿನಕ್ಕೊಮ್ಮೆ ಇಬ್ಬರೂ ಕೋಲು ಊರಿಕೊಂಡು ಬೆಳ್ಳಪ್ಪನ ಮನೆಗೆ ಬಂದು, "ಇವಳು ಏನು ತಪ್ಪು ಮಾಡ್ತಿದಾಳೆ ನೋಡ್ಕೊಂಡು ಹೋಗೋಣ ಅಂತ" ಎಂದು ಜಗಲಿಯ ಮೇಲೆ ಕೂರುತ್ತಿದ್ದರು. ಬೆಳ್ಳಪ್ಪ ತಂದದ್ದು ಒಂದು ಮುದುಕಿ, ಬಂದದ್ದು ಮೂರು.

ಒಂಬತ್ತನೆಯ ತಿಂಗಳು ಕಳೆಯಿತು. ಹತ್ತು ಕಳೆಯಿತು. ಹನ್ನೊಂದನೆಯ ತಿಂಗಳು ಬಂದಾಗ ಹೂವಮ್ಮನಿಗೆ ಅನ್ನ ಸೇರುತ್ತಿರಲಿಲ್ಲ. ಮತ್ತೆ ಶಿವರಾತ್ರಿಯ ಹೊತ್ತು. ಬಾವಿ ತಳ ಕಂಡಿತ್ತು. ಒಂದು ಬೆಳಿಗ್ಗೆ ಮಗುವಿಗೆ ಹೊಟ್ಟೆ ಕೆಟ್ಟು ಭೇದಿ ಶುರುವಾಯಿತು. ಮಧ್ಯಾಹ್ನದ ಹೊತ್ತಿಗೆ ಕಪ್ಪೆ ಅರಚುವುದನ್ನು ನಿಲ್ಲಿಸಿತು.

ಆ ಮೌನಕ್ಕೆ ದುಗ್ಗಮ್ಮ ಹೆದರಿದಳು. ಅಂಗಳಕ್ಕೆ ಬಂದು, ಸೆರಗು ಬಿಗಿದು, ಮೂವತ್ತು ವರ್ಷ ಕೋಳಿ ಓಡಿಸಿದ ಅದೇ ಗಂಟಲಿನಲ್ಲಿ ಒಂದೇ ಒಂದು ಸಲ ಕೂಗಿದಳು: "ಶೇಷೀ! ವರದೀ! ಬರ್ರೇ!"

ಎರಡು ಗದ್ದೆ ಆಚೆಯಿಂದ ಇಬ್ಬರೂ ಕೋಲು ಬಿಟ್ಟು ಓಡಿ ಬಂದರು. ಕೋಲಿಲ್ಲದೆ ಅವರು ಓಡಬಲ್ಲರೆಂದು ಅವರಿಗೂ ಆವತ್ತೇ ಗೊತ್ತಾದದ್ದು.

ದುಗ್ಗಮ್ಮ ಬೆಳ್ಳಪ್ಪನ ಕಡೆ ತಿರುಗಿದಳು. "ನೀನೇನು ಕಂಬ ಹಿಡ್ಕೊಂಡು ನಿಂತಿದೀಯ? ಹೊಸನಗರಕ್ಕೆ ಹೋಗು. ಡಾಕ್ಟ್ರ ಹತ್ರ ಔಷಧಿ ತಗೊಂಡು ಬಾ."

ಬೆಳ್ಳಪ್ಪ ಓಡಿದ. ಹಿಂದೆ ಎರಡು ಸಲವೂ ಅವನು ಹೀಗೆ ಓಡಬೇಕೆಂದುಕೊಂಡಿದ್ದ. ಹೆಂಡತಿಯೊಬ್ಬಳನ್ನೇ ಆ ಕೂಸಿನ ಎದುರು ಬಿಟ್ಟು ಹೋಗಲು ಕಾಲು ಬಂದಿರಲಿಲ್ಲ.

ಇತ್ತ ಮೂವರೂ ಮಗುವಿನ ಸುತ್ತ ಕೂತರು. ಶೇಷಮ್ಮ, "ಹೊಟ್ಟೆಗೆ ಬರೆ ಹಾಕ್ಬೇಕು, ಕಡ್ಡಿ ಕಾಯ್ಸು" ಎಂದಳು.

"ಬರೆ ಹಾಕಿದ್ರೆ ನಿನ್ನ ಕೈಗೆ ಹಾಕ್ತೀನಿ" ಎಂದಳು ದುಗ್ಗಮ್ಮ. "ಕಾಡಿನ ಬೇರು ತೇಯ್ದು ಕುಡಿಸ್ಬೇಕು."

"ಆ ಬೇರು ಕುಡಿಸೇ ನನ್ನ ತವರಲ್ಲಿ ಕರು ಸತ್ತಿದ್ದು" ಎಂದಳು ವರದಮ್ಮ. "ಮೂರು ದಿನ ಬಾಯಿಗೆ ಏನೂ ಹಾಕಬಾರದು. ಹೊಟ್ಟೆ ಒಣಗ್ಬೇಕು."

"ಒಣಗ್ಸೋಕೆ ಅದೇನು ನಿನ್ನ ಹಪ್ಪಳಾನಾ?" ಎಂದು ಮಿಕ್ಕ ಇಬ್ಬರೂ ಒಟ್ಟಿಗೆ ಕೇಳಿದರು.

ಒಬ್ಬಳು ಕಡ್ಡಿ ಹಿಡಿದರೆ ಇಬ್ಬರು ಕಿತ್ತುಕೊಳ್ಳುವರು. ಒಬ್ಬಳು ಬೇರು ತೇಯ್ದರೆ ಇಬ್ಬರು ಚೆಲ್ಲುವರು. ಒಬ್ಬಳು ಮಗುವಿನ ಬಾಯಿಗೆ ಕೈ ಅಡ್ಡ ಹಿಡಿದರೆ ಇಬ್ಬರು ಆ ಕೈಗೆ ಹೊಡೆಯುವರು. ಕೊನೆಗೆ ಮೂವರೂ ಬೇಡವೆನ್ನದೆ ಉಳಿದದ್ದು ಒಂದೇ ಒಂದು: ಚೆನ್ನಾಗಿ ಕುದಿಸಿದ ಗಂಜಿಯ ತಿಳಿ, ಅದಕ್ಕೆ ಚಿಟಿಕೆ ಉಪ್ಪು. ಉಪ್ಪು ಎಷ್ಟು ಎನ್ನುವುದಕ್ಕೂ ಮೂವರೂ ನಾಲಿಗೆಗೆ ಹಚ್ಚಿ ನೋಡಿದರು. ಮೂವತ್ತು ವರ್ಷದಲ್ಲಿ ಮೊದಲ ಸಲ ಮೂವರೂ ಸರಿ ಎಂದರು.

ಹೂವಮ್ಮ ಚಮಚದಲ್ಲಿ ತೊಟ್ಟು ತೊಟ್ಟಾಗಿ ಕುಡಿಸಿದಳು. ಕಕ್ಕಿದರೆ ಒರೆಸಿ ಮತ್ತೆ ಕುಡಿಸಿದಳು. ಅವಳ ಕೈ ಸೋತರೆ ಇನ್ನೊಂದು ಕೈ ಇತ್ತು. ಆ ಕೈ ಸೋತರೆ ಮತ್ತೊಂದು. ಮೂವರಲ್ಲಿ ಯಾರೂ ಮಲಗಲಿಲ್ಲ. ತಾನು ಮಲಗಿದರೆ ಮಿಕ್ಕವರು ಬರೆಯನ್ನೋ ಬೇರನ್ನೋ ಮಾಡಿಬಿಡುತ್ತಾರೆಂದು ಒಬ್ಬರನ್ನೊಬ್ಬರು ಕಾಯುತ್ತ, ಕಣ್ಣು ಬಿಟ್ಟುಕೊಂಡೇ ಕೂತಿದ್ದರು. ದೇವರು ಕೆಲವು ಸಲ ಹೀಗೂ ಕಾಯುತ್ತಾನೆ.

ಮರುದಿನ ಬಿಸಿಲೇರುವಾಗ ಬೆಳ್ಳಪ್ಪ ಔಷಧಿಯ ಬಾಟಲಿ ಎದೆಗವಚಿಕೊಂಡು ಬಂದ. ಅಂಗಳದಲ್ಲಿ ನಿಂತುಬಿಟ್ಟ. ಒಳಗೆ ಬರಲು ಧೈರ್ಯವಾಗಲಿಲ್ಲ. ಅಷ್ಟರಲ್ಲಿ ಒಳಗೆ ಏನೋ ಅರಚಿತು. ಮೊದಲು ಕಪ್ಪೆ, ಅದರ ಹಿಂದೆಯೇ ದುಗ್ಗಮ್ಮ, ಕೊನೆಗೆ ಕೋಳಿ.

"ಡಾಕ್ಟ್ರು ಏನಂದ್ರು?" ಎಂದಳು ಹೂವಮ್ಮ.

"ಈ ಔಷಧಿ ಕೊಡಿ, ಅದಕ್ಕಿಂತ ಮೊದ್ಲು ಕುದ್ಸಿದ ಗಂಜಿ ತಿಳಿ ಕೊಡ್ತಾ ಇರಿ, ನಿಲ್ಲಿಸ್ಬೇಡಿ ಅಂದ್ರು."

ಮೂವರು ಮುದುಕಿಯರೂ ಏಕಕಾಲಕ್ಕೆ ಎದೆ ಉಬ್ಬಿಸಿದರು. "ನಾನು ಹೇಳ್ಲಿಲ್ವಾ?" ಎಂದು ಮೂವರೂ ಹೇಳಿದರು. ಆಮೇಲೆ ಮೊದಲು ಹೇಳಿದ್ದು ಯಾರೆಂದು ಜಗಳ ಶುರುವಾಯಿತು. ಅದು ಆ ವರ್ಷವಿಡೀ ನಡೆಯಿತು.

ಯುಗಾದಿಯ ದಿನ ಕಪ್ಪೆ ಕಂಬ ಬಿಟ್ಟು, ಓಲಾಡುತ್ತ, ಹೊಸಿಲ ಮೇಲೆ ಒಂದು ಕಾಲಿಟ್ಟಿತು. ದುಗ್ಗಮ್ಮ, "ಬೇಡ್ವೇ, ನಿಲ್ಲೇ, ಇನ್ನೂ ನಾಲ್ಕು ದಿನ ಇರ್ತೀನಿ" ಎಂದಳು. ಕಪ್ಪೆ ಕೇಳಲಿಲ್ಲ, ದಾಟಿಬಿಟ್ಟಿತು. ಮಾತೆಂದರೆ ಮಾತು. ಸಂಜೆಯೊಳಗೆ ದುಗ್ಗಮ್ಮ ಸಂಚಿಯನ್ನೂ ಕೋಳಿಯನ್ನೂ ಕಂಕುಳಲ್ಲಿಟ್ಟು ಗದ್ದೆಯಂಚಿನ ಮೇಲೆ ಹೊರಟಳು. ಹೂವಮ್ಮ ಅಂಚಿನ ತುದಿಯವರೆಗೂ ಮಗುವನ್ನೆತ್ತಿಕೊಂಡು ಹೋದಳು. ದಾರಿಯುದ್ದಕ್ಕೂ ಕೋಳಿ ಮಾತ್ರ ಏನೋ ಹೇಳುತ್ತಿತ್ತು.

ಎರಡು ವರ್ಷ ಕಳೆಯಿತು. ಅಷ್ಟರಲ್ಲಿ ಶೇಷಮ್ಮ ದೇವರ ಪಾದ ಸೇರಿದಳು. ವರದಮ್ಮ ತಾಳಗುಪ್ಪದಲ್ಲಿ ರೈಲ್ವೆ ಕೆಲಸಕ್ಕಿದ್ದ ಮಗನ ಮನೆಗೆ ಹೋದಳು. ದುಗ್ಗಮ್ಮನ ಕಣ್ಣಿಗೆ ಪೊರೆ ಬಂದು, ಮೊಣಕಾಲು ಮಡಚಿದರೆ ಚಾಚಲು, ಚಾಚಿದರೆ ಮಡಚಲು ಆಗದಂತಾಯಿತು. ಅದೇ ಹೊತ್ತಿಗೆ ಕೆರಿಯಪ್ಪನ ಮಗ ವೆಂಕಟ್ರಮಣನ ಹೆಂಡತಿ ಗಂಡು ಮಗುವನ್ನು ಹೆತ್ತಳು. ಆ ಹುಡುಗಿಗೆ ತಾಯಿಯಿಲ್ಲ. ಹೆರಿಗೆ ಗಂಡನ ಮನೆಯಲ್ಲೇ ಆಯಿತು.

ಕೆರಿಯಪ್ಪನ ಹೆಂಡತಿ ಪುಷ್ಪಮ್ಮ ಇದ್ದಳಲ್ಲ ಎಂದು ನೀವು ಕೇಳಬಹುದು. ಇದ್ದಳು. ಆದರೆ ಆರು ಮಕ್ಕಳನ್ನು ಹೆತ್ತ ಆಕೆ ಒಂದನ್ನೂ ಮೀಸಿರಲಿಲ್ಲ. ಮೂವರು ಮುದುಕಿಯರು ಅವಳಿಗೆ ಬಿಟ್ಟಿದ್ದರೆ ತಾನೆ? ಮೊಮ್ಮಗನನ್ನು ಕಾಲ ಮೇಲೆ ಮಲಗಿಸಿಕೊಂಡ ಮೊದಲ ದಿನ ಅದು ಎಣ್ಣೆಗೆ ಜಾರಿ ಬಚ್ಚಲಿನ ತೂಬಿನ ಕಡೆ ಹೊರಟಿತು. ಅವಳು ಕಿರುಚಿ ಎದ್ದು ಓಡಿದಳು. ಹಿಡಿದದ್ದು ಪುಣ್ಯಕ್ಕೆ ಬಾಣಂತಿ. ಆವತ್ತಿನಿಂದ ಮಗುವಿಗೆ ಸ್ನಾನವಿಲ್ಲ, ಯಾರಿಗೂ ಧೈರ್ಯವಿಲ್ಲ.

ಕೆರಿಯಪ್ಪ ಬಂದು ಬೆಳ್ಳಪ್ಪನ ಜಗಲಿಯ ಮೇಲೆ ಕೂತ. ನೀರು ಕುಡಿದ.

"ಬೆಳ್ಳಪ್ಪಾ, ಮುಯ್ಯಿ."

"ಗೊತ್ತಾಯ್ತಣ್ಣಾ" ಎಂದ ಬೆಳ್ಳಪ್ಪ. "ನಾಲ್ಕು ದಿನ ಕೊಡು. ಮುದುಕಿ ತಂದು ನಿಲ್ಲಿಸ್ತೀನಿ."

ಮರುದಿನವೇ ಅವನು ಬಸ್ಸು ಹತ್ತಿ ತೀರ್ಥಹಳ್ಳಿಗೆ ಹೋದ. ಅಲ್ಲಿ ಅವನಿಗೆ ದೂರದ ಚಿಕ್ಕಮ್ಮ ಒಬ್ಬಳಿದ್ದಳು. ಕಂಡು ಇಪ್ಪತ್ತು ವರ್ಷವಾಗಿತ್ತು. ಆಗಲೇ ದೊಡ್ಡವಳಾಗಿದ್ದಳು ಎಂದರೆ ಈಗ ಹಣ್ಣು ಹಣ್ಣು ಮುದುಕಿಯೇ ಇರಬೇಕೆಂದು ಅವನ ಲೆಕ್ಕ. ಬಾಗಿಲು ತೆರೆದವಳು ಜಡೆಗೆ ಹೂ ಮುಡಿದಿದ್ದಳು.

"ಚಿಕ್ಕಮ್ಮ ಇದಾರಾ? ಒಂದು ಮುದುಕಿ ಬೇಕಿತ್ತು" ಎಂದ ಬೆಳ್ಳಪ್ಪ.

"ನಾನೇ ಕಣೋ ಚಿಕ್ಕಮ್ಮ. ಯಾರೋ ಮುದುಕಿ? ನಲವತ್ತಾರಕ್ಕೆ ಮುದುಕಿ ಆಗ್ತಾರಾ?" ಎಂದ ಚಿಕ್ಕಮ್ಮ, ಊಟ ಹಾಕಿದಳೇ ಹೊರತು ಬರಲು ಒಪ್ಪಲಿಲ್ಲ. ಅಲ್ಲಿಂದ ಬೆಳ್ಳಪ್ಪ ಸಾಗರಕ್ಕೆ ಹೋದ. ಸಂತೆಯಲ್ಲಿ ಸೊಪ್ಪು ಮಾರುತ್ತಿದ್ದ ಒಬ್ಬ ಮುದುಕಿಯ ಎದುರು ಬಹಳ ಹೊತ್ತು ನಿಂತು, ಅವಳ ಕೈಕಾಲು ನೋಡುತ್ತಿದ್ದ. ಅವಳು "ಯಾಕೋ?" ಎಂದಾಗ ಹೆದರಿ ಎರಡು ಕಟ್ಟು ಹರಿವೆ ಕೊಂಡ. ಅಲ್ಲಿಂದ ತಾಳಗುಪ್ಪಕ್ಕೆ ಹೋಗಿ ವರದಮ್ಮನ ಕಾಲು ಹಿಡಿದ. ಅವಳಿಗೆ ಬರಲು ಆಸೆ, ಹಾಸಿಗೆಯಿಂದ ಏಳಲಾಗದು. "ದುಗ್ಗೀಗೆ ಹೇಳು, ಗಂಜಿ ತಿಳಿ ಮೊದ್ಲು ಹೇಳಿದ್ದು ನಾನೇ ಅಂತ" ಎಂದು ಕಳಿಸಿದಳು.

ನಾಲ್ಕನೆಯ ದಿನ ಬೆಳಿಗ್ಗೆ ಬೆಳ್ಳಪ್ಪ ಎರಡು ಕಟ್ಟು ಬಾಡಿದ ಹರಿವೆಯೊಂದಿಗೆ ಊರಿಗೆ ಬಂದ. ಮನೆಯಲ್ಲಿ ಹೂವಮ್ಮ ಇರಲಿಲ್ಲ. ಮಗಳೂ ಇರಲಿಲ್ಲ. ಎಮ್ಮೆ ಗದ್ದೆಯಾಚೆ ನೋಡುತ್ತಿತ್ತು. ಅಲ್ಲಿ ಕೆರಿಯಪ್ಪನ ಬಚ್ಚಲಿನ ಹೆಂಚಿನ ಸಂದಿಯಿಂದ ಹೊಗೆ ಏಳುತ್ತಿತ್ತು. ಯಾರೋ ಜೋರಾಗಿ ಬೈಯುತ್ತಿದ್ದರು. ದುಗ್ಗಮ್ಮನ ಮಾತಿನ ಧಾಟಿ ಅದು. ಗಂಟಲು ಮಾತ್ರ ಹರೆಯದ್ದು.

ಅವನು ಹೋಗಿ ಬಚ್ಚಲಿನ ಬಾಗಿಲಲ್ಲಿ ನಿಂತ.

ಹೂವಮ್ಮ ಕಾಲು ಚಾಚಿ ಕೂತಿದ್ದಳು. ಕಾಲ ಮೇಲೆ ಕೆರಿಯಪ್ಪನ ಮೊಮ್ಮಗ ಬೋರಲು ಮಲಗಿ ಗಂಟಲು ಹರಿದುಕೊಳ್ಳುತ್ತಿದ್ದ. "ಹೆಗ್ಗಣಾ, ಬೋಳು ಹೆಗ್ಗಣಾ, ಯಾರ ಕಣಜದಿಂದ ಬಂದ್ಯೋ? ಬೆನ್ನು ನೋಡು, ಸೌತೆಕಾಯಿ ಇದ್ದಂಗೆ!" ಎನ್ನುತ್ತ ಅವಳು ನೀರು ಹೊಯ್ಯುತ್ತಿದ್ದಳು. ಪಕ್ಕದಲ್ಲಿ ಪುಷ್ಪಮ್ಮ ಚೊಂಬು ಹಿಡಿದು, ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಮೂರು ವರ್ಷದ ಕಪ್ಪೆ ಅದೇ ಕೋಳಿಯನ್ನು ಕಂಕುಳಲ್ಲಿಟ್ಟುಕೊಂಡು, "ಅರಚು, ಅರಚು" ಎಂದು ಆ ಮಗುವಿಗೆ ಹೇಳುತ್ತಿತ್ತು.

ಮೂಲೆಯ ಕಲ್ಲಿನ ಮೇಲೆ ದುಗ್ಗಮ್ಮ ಕೂತಿದ್ದಳು. ಪೊರೆ ಬಂದ ಕಣ್ಣುಗಳನ್ನು ಹಬೆಯ ಕಡೆಗಿಟ್ಟು, ಕಿವಿಯಲ್ಲೇ ಎಲ್ಲ ನೋಡುತ್ತಿದ್ದಳು. "ನೀರು ಬಿಸಿ ಸಾಲ್ದು" ಎಂದಳು.

"ಸಾಕು ಸುಮ್ನಿರಿ ಅತ್ತೆ" ಎಂದಳು ಹೂವಮ್ಮ.

ದುಗ್ಗಮ್ಮ ಸುಮ್ಮನಾದಳು. ಅವಳು ಸುಮ್ಮನಾದದ್ದನ್ನು ಆ ಮನೆಯಲ್ಲಿ ಯಾರೂ ಅದುವರೆಗೆ ಕಂಡಿರಲಿಲ್ಲ. ಕೆರಿಯಪ್ಪ ಅಂಗಳದಿಂದ ಒಂದು ಸಲ ಇಣುಕಿ, ಬೆಳ್ಳಪ್ಪನ ಕೈಯ ಹರಿವೆಯನ್ನು ತೆಗೆದುಕೊಂಡು ಒಳಗೆ ಹೋದ.

ಹೂವಮ್ಮ ಮಗುವಿನ ತಲೆ ಒರೆಸಿದಳು, ನೆತ್ತಿಗೆ ಎಣ್ಣೆ ತಟ್ಟಿದಳು, ಹಳೆಯ ಸೀರೆಯ ತುಂಡಿನಲ್ಲಿ ಕೈಕಾಲು ಸೇರಿಸಿ ಸುತ್ತಿದಳು. ಅಷ್ಟರಲ್ಲಿ ಅದಕ್ಕೆ ನಿದ್ದೆ ಬಂದಿತ್ತು. ಅವಳು ಅದನ್ನು ಎದೆಗವಚಿಕೊಂಡು ಎದ್ದು, ಮೂಲೆಯ ಕಲ್ಲಿನ ಹತ್ತಿರ ಹೋಗಿ, ಕತ್ತಲೆಯ ಕಣ್ಣಿನ ಆ ಮುದುಕಿಯ ಎರಡೂ ಕೈಗಳನ್ನು ಒಂದೊಂದಾಗಿ ಬಿಡಿಸಿ, ಬಿಸಿಬಿಸಿ ಗಂಟನ್ನು ಮೆಲ್ಲಗೆ ಅವಳ ಮಡಿಲಲ್ಲಿಟ್ಟಳು.